ಹೊತ್ತು ಮುಳುಗಿದ ಮೇಲಿನ ಊಟ

ನನ್ನ ಅಕ್ಕನ ಮಗಳ ಬಗ್ಗೆ ನಮ್ಮ ಪತ್ರಿಕೆಯಲ್ಲಿ ನಾನು ಒಂದೇ ಸಲ ಬರೆದಿದ್ದೇನೆ. ಗುರುವಾರದ ಪುರವಣಿ, ನಾಲ್ಕನೇ ಪುಟ, ಐದು ಕಾಲಂ, ಒಂದು ಚಿತ್ರ. ಅದರಲ್ಲಿ ಒಂದೂ ತಪ್ಪಿರಲಿಲ್ಲ. ಊರುಗಳ ಹೆಸರು, ನದಿಗಳ ಉಗಮ, ಆಕೆಯ ವಯಸ್ಸು, ಎಲ್ಲವನ್ನೂ ಎರಡೆರಡು ಸಲ ನೋಡಿದ್ದೆ. ತಪ್ಪಿದ್ದಿದ್ದರೆ ಮರುದಿನ ತಿದ್ದುಪಡಿ ಹಾಕಬಹುದಿತ್ತು. ಸರಿ ಇರುವುದಕ್ಕೆ ತಿದ್ದುಪಡಿ ಹಾಕುವ ಪದ್ಧತಿ ಯಾವ ಪತ್ರಿಕೆಯಲ್ಲೂ ಇಲ್ಲ.

ಬೆಳಗಾವಿಯ ಒಂದು ಕನ್ನಡ ದಿನಪತ್ರಿಕೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಮೊದಲು ವರದಿಗಾರ, ಈಗ ಜಿಲ್ಲಾ ಪುಟಗಳ ಉಪಸಂಪಾದಕ. ಅಕ್ಕನನ್ನು ಕೊಟ್ಟದ್ದು ಖಾನಾಪುರಕ್ಕೆ. ಭಾವನಿಗೆ ಅಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಅಂಗಡಿಯ ಮೇಲೇ ಮನೆ. ಮನೆಯ ಮಾತು ನಡೆಯುವುದು ಭಾವನ ತಂದೆಯದು. ನಮ್ಮದೂ ಅವರದೂ ಹಳೆಯ ಜೈನ ಮನೆತನಗಳು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಗಡ್ಡೆ ಗೆಣಸು ತಿನ್ನುವುದಿಲ್ಲ.

ಈ ವಾಕ್ಯವನ್ನು ಸ್ವಲ್ಪ ತಿದ್ದಬೇಕು. ತಿನ್ನುತ್ತೇವೆ ಎಂದು ಹೇಳುವುದಿಲ್ಲ ಎಂದರೆ ಹೆಚ್ಚು ಖಚಿತ. ಭಾವ ಬೆಳಗಾವಿಗೆ ಸಾಮಾನು ತರಲು ಬಂದಾಗಲೆಲ್ಲ ಖಾನಾವಳಿಯಲ್ಲಿ ಬಟಾಟಿ ಪಲ್ಲೆ ಹಾಕಿಸಿಕೊಳ್ಳುತ್ತಾನೆ. ನಾನು ಕಚೇರಿ ಮುಗಿಸಿ ಗಾಡಿಯ ಮುಂದೆ ನಿಂತು ಆಮ್ಲೆಟ್ ತಿನ್ನುತ್ತೇನೆಂಬುದು ನನ್ನ ತಾಯಿಗೆ ಮೊದಲ ವರ್ಷವೇ ಗೊತ್ತಾಗಿತ್ತು. ಆಕೆ ನನ್ನ ತಾಟನ್ನು ಬೇರೆ ಇಟ್ಟಳು, ಯಾಕೆಂದು ಹೇಳಲಿಲ್ಲ. ಅಕ್ಕನ ಮಾವನವರೇ ಬೈಪಾಸ್ ಆದ ಮೇಲೆ ರಾತ್ರಿ ಎಂಟಕ್ಕೆ ಗುಳಿಗೆಯ ಜೊತೆ ಒಂದು ಲೋಟ ಹಾಲು, ಎರಡು ರಾಜಗಿರಿ ಉಂಡೆ ತೆಗೆದುಕೊಳ್ಳುತ್ತಿದ್ದರು. ಆ ಮನೆಯಲ್ಲಿ ಅದಕ್ಕೆ ಔಷಧಿ ಎಂದು ಹೆಸರು. ಎಲ್ಲರಿಗೂ ಎಲ್ಲವೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹಾಗೆ ನಾಲ್ಕು ತಲೆಮಾರು ಒಂದೇ ಪಂಕ್ತಿಯಲ್ಲಿ ಕೂತು ಉಂಡಿವೆ.

ಹುಡುಗಿಗೆ ಆಗ ಹದಿನಾರು. ಬೆಳಗಾವಿಯ ಕಾಲೇಜಿನಲ್ಲಿ ಪಿಯುಸಿ ಮೊದಲ ವರ್ಷ. ಮುಂಜಾನೆ ರೈಲಿಗೆ ಬಂದು ಸಂಜೆ ರೈಲಿಗೆ ಹೋಗುತ್ತಿದ್ದಳು. ಆಕೆಯ ಮೊದಲ ದೂರದ ಪ್ರಯಾಣ ಅಜ್ಜನ ಜೊತೆ, ಜಾರ್ಖಂಡದ ಜೈನ ತೀರ್ಥ ಶಿಖರ್ಜಿಗೆ. ಎಂಟು ವರ್ಷದವಳು ಬರಿಗಾಲಿನಲ್ಲಿ ಬೆಟ್ಟ ಹತ್ತಿ ಇಳಿದಿದ್ದಳು. ದಾರಿಯಲ್ಲಿ ಬಂದ ಪ್ರತಿ ನಿಲ್ದಾಣದ ಹೆಸರನ್ನು, ಅಲ್ಲಿ ಯಾವ ಲಿಪಿ ಇತ್ತೆಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಆಮೇಲೆ ಶಾಲೆಯ ರಸಪ್ರಶ್ನೆ ತಂಡದೊಂದಿಗೆ ಕಠ್ಮಂಡು, ಹತ್ತು ದಿನದ ಯುವ ಶಿಬಿರಕ್ಕೆ ಕೊಲಂಬೊ. ಹೋಗಿ ಬಂದ ಊರಿನ ಬಗ್ಗೆ ಕೇಳಿದರೆ ಬೇರೆಯವರು ನೋಡಿದ ಜಾಗ ಹೇಳುತ್ತಾರೆ. ಈಕೆ ಅಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಹೇಳುತ್ತಿದ್ದಳು.

ನೀರಿನ ಹುಚ್ಚು ಹತ್ತಿದ್ದು ಏಳನೇ ಇಯತ್ತೆಯಲ್ಲಿ, ಶಾಲೆಯವರು ಕಣಕುಂಬಿಗೆ ಕರೆದುಕೊಂಡು ಹೋದಾಗ. ಮಲಪ್ರಭಾ ಹುಟ್ಟುವ ಜಾಗ ತೋರಿಸಿದ ಮಾಸ್ತರರು, ಈ ದಿಣ್ಣೆಯ ಈ ಕಡೆ ಬಿದ್ದ ಮಳೆ ಪೂರ್ವದ ಸಮುದ್ರಕ್ಕೆ, ಆ ಕಡೆ ಬಿದ್ದದ್ದು ಮಹದಾಯಿ ಸೇರಿ ಗೋವಾಕ್ಕೆ ಎಂದು ಹೇಳಿದರಂತೆ. ನಮ್ಮ ಕಚೇರಿಯಲ್ಲಿ ಮಹದಾಯಿ ಎಂದರೆ ಧರಣಿ, ಹೇಳಿಕೆ, ಬಂದ್. ಆಕೆಗೆ ಅದು ಒಂದೇ ಮೋಡದ ನೀರು ಎರಡಾಗುವ ದಿಣ್ಣೆ. ಒಂದು ನದಿಯನ್ನು ಹಲವು ದೇಶಗಳು ಹಂಚಿಕೊಳ್ಳುವಾಗ ನಡುವೆ ಕೂತು ಮಾತಾಡಿಸುವವರು ಇರುತ್ತಾರೆ, ಆ ಕೆಲಸ ತನಗೆ ಬೇಕು ಎಂದು ಹತ್ತನೇ ಇಯತ್ತೆಯಲ್ಲೇ ತೀರ್ಮಾನಿಸಿದ್ದಳು. ಅದಕ್ಕೆ ಏನು ಅನುಭವ ಇದೆ ನಿನಗೆ ಎಂದು ನಾನೊಮ್ಮೆ ಚೇಷ್ಟೆ ಮಾಡಿದೆ.

“ನಳದ ನೀರು ಬಂದಾಗ ಅವ್ವ, ಬಾಜು ಮನಿ ಕಾಕೂ ಕೊಡ ಹಿಡಕೊಂಡು ಜಗಳಾಡ್ತಾರಲ್ಲ ಮಾಮಾ, ಒಬ್ಬಾಕಿ ಕನ್ನಡದಾಗ, ಒಬ್ಬಾಕಿ ಮರಾಠಿಯೊಳಗ. ನಡಕ ನಿಂತು ಬಿಡಸಾಕಿ ಯಾರಂತ ತಿಳದಿ?”

ಹುಡುಗಿಯನ್ನು ಒಂದು ಸೇವಾ ಸಂಸ್ಥೆ ವಿದ್ಯಾರ್ಥಿ ವಿನಿಮಯಕ್ಕೆ ಆರಿಸಿತ್ತು. ಹಂಗೆರಿಯಲ್ಲಿ, ಡ್ಯಾನ್ಯೂಬ್ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ ಒಂದು ವರ್ಷ ಒಂದು ಮನೆಯವರ ಜೊತೆ ಇದ್ದು ಅಲ್ಲಿಯ ಶಾಲೆಗೆ ಹೋಗಬೇಕು. ಹತ್ತು ದೇಶ ಹಾಯುವ ನದಿ. ಆಕೆಗೆ ಬೇಕಾದದ್ದೇ ಸಿಕ್ಕಿತ್ತು. ಆಗಸ್ಟಿನಲ್ಲಿ ಪ್ರಯಾಣ. ರೈಲಿನಲ್ಲಿ ಕೂತು ಹಂಗೇರಿಯನ್ ಅಂಕಿಗಳನ್ನು ಬಾಯಲ್ಲೇ ಎಣಿಸುತ್ತಿದ್ದಳಂತೆ. ಎದುರಿಗೆ ಕೂತ ಹೆಂಗಸು ಯಾವ ದೇವರ ಜಪ ತಂಗಿ ಎಂದು ಕೇಳಿ, ತನಗೂ ಹೇಳಿಕೊಡು ಎಂದಳಂತೆ. ನೆಹರು ನಗರದ ಆಸ್ಪತ್ರೆಯಲ್ಲಿ ಚುಚ್ಚುಮದ್ದುಗಳಾಗಿದ್ದವು, ಆ ಮನೆಯವರ ಜೊತೆ ವಿಡಿಯೊದಲ್ಲಿ ಮಾತಾಗಿತ್ತು. ಉಳಿದದ್ದು ತಂದೆ ತಾಯಿ ಸಹಿ ಹಾಕಬೇಕಾದ ಒಪ್ಪಿಗೆ ಪತ್ರ.

ಅಪ್ಪಾ ಹೂಂ ಅಂದರೆ ನನ್ನ ಸಹಿ ಎಂದು ಭಾವ ಹೇಳಿದ್ದ. ಅಜ್ಜ ಹೂಂ ಎಂದರು. ಅವರಿಗೆ ದೂರದ ಚಿಂತೆ ಇರಲಿಲ್ಲ, ಭಾಷೆಯ ಚಿಂತೆ ಇರಲಿಲ್ಲ. ಊಟದ ಚಿಂತೆ ಒಂದಿತ್ತು. ಅದಕ್ಕೆ ಹುಡುಗಿ ಆ ಊರಿನ ಸೂರ್ಯಾಸ್ತದ ಹೊತ್ತನ್ನು ವರ್ಷದ ಅಷ್ಟೂ ವಾರಕ್ಕೆ ತೆಗೆದು, ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಜ್ಜನ ಕೈಗೆ ಕೊಟ್ಟಳು. ಅವರು ಅದನ್ನು ದೇವರ ಕೋಣೆಯ ಬಾಗಿಲಿಗೆ, ಪಂಚಾಂಗದ ಪಕ್ಕ ಅಂಟಿಸಿದರು. ಸಹಿ ಅಕ್ಷಯ ತೃತೀಯಾದ ದಿನ ಆಗಲಿ ಎಂದರು. ವರ್ಷದ ಉಪವಾಸದ ಮೇಲೆ ಮೊದಲ ತೀರ್ಥಂಕರ ಆದಿನಾಥರು ಕಬ್ಬಿನ ಹಾಲಿನ ಆಹಾರ ತೆಗೆದುಕೊಂಡ ದಿನ. ನಮ್ಮವರು ಒಳ್ಳೆಯ ಕೆಲಸವನ್ನು ಆ ದಿನಕ್ಕೆ ಇಟ್ಟುಕೊಳ್ಳುತ್ತಾರೆ. ಮೂರು ವಾರ ಇತ್ತು. ಹೀಗಾಗಿ ಕಾಗದ ಸಹಿಯಿಲ್ಲದೆ ದೇವರ ಮುಂದೆ ಉಳಿಯಿತು.

ಆ ದಿನಗಳಲ್ಲಿ ನಮ್ಮ ಪುರವಣಿಯಲ್ಲಿ ಹದಿಹರೆಯದವರ ಬಗ್ಗೆ ಒಂದು ಅಂಕಣ ಬರುತ್ತಿತ್ತು. ಪ್ರಶ್ನೆ ಮೂರೇ: ಎಲ್ಲೆಲ್ಲಿ ಸುತ್ತಿದ್ದೀರಿ, ಯಾವುದರಲ್ಲಿ ಆಸಕ್ತಿ, ಮುಂದೆ ಏನಾಗುವಿರಿ. ಬರೆಯುತ್ತಿದ್ದ ಸಹೋದ್ಯೋಗಿ ಹೆರಿಗೆ ರಜೆ ಮೇಲೆ ಹೋದಾಗ ಅದು ನನ್ನ ಮೇಜಿಗೆ ಬಂತು. ಅಕ್ಕನ ಮಗಳ ವಿಷಯ ಹೇಳಿದೆ, ಸಂಬಂಧವನ್ನೂ ಹೇಳಿದೆ. ಸಂಬಂಧಿ ಅನ್ನೋದು ತಪ್ಪಲ್ಲ, ಸಂಬಂಧಿಯಂತೆ ಬರೆಯೋದು ತಪ್ಪು ಎಂದರು ಪುರವಣಿಯ ಮುಖ್ಯಸ್ಥರು. ಆ ಮಾತನ್ನು ನಾನು ಬೇಕಾದ್ದಕ್ಕಿಂತ ಹೆಚ್ಚು ಮನಸ್ಸಿಗೆ ಹಚ್ಚಿಕೊಂಡೆ.

ಅಜ್ಜ ತಿಂಗಳಿಗೊಮ್ಮೆ ಕೋಟೆಯೊಳಗಿನ ಕಮಲ ಬಸದಿಗೆ ಬರುತ್ತಿದ್ದರು, ಮೊಮ್ಮಗಳು ಜೊತೆಗಿರುತ್ತಿದ್ದಳು. ಆ ಭಾನುವಾರ ಅವರು ದರ್ಶನಕ್ಕೆ ಒಳಗೆ ಹೋದರು. ನಾವಿಬ್ಬರು ಹೊರಗೆ ಬೇವಿನ ನೆರಳಲ್ಲಿ ಕೂತೆವು. ಫೋನನ್ನು ರೆಕಾರ್ಡಿಗೆ ಇಟ್ಟು ನಡುವೆ ಇಟ್ಟೆ. ಎಲ್ಲರಿಗೂ ಹೇಳುವುದನ್ನು ಆಕೆಗೂ ಹೇಳಿದೆ: ಬರೆಯಬಾರದ್ದು ಇದ್ದರೆ ಮೊದಲೇ ಹೇಳಬೇಕು, ಒಮ್ಮೆ ಅಂದ ಮೇಲೆ ಬೇಡ ಎಂದರೆ ನಡೆಯುವುದಿಲ್ಲ. ಆಕೆ ನಕ್ಕು ತಲೆ ಆಡಿಸಿದಳು. ಶಾಸಕರಿಗೆ, ಪೊಲೀಸ್ ಅಧಿಕಾರಿಗಳಿಗೆ ಇರುವ ನಿಯಮವನ್ನು ಹದಿನಾರರ ಹುಡುಗಿಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದೆ.

ಮುಕ್ಕಾಲು ತಾಸು ಮಾತಾಡಿದೆವು. ಕೊನೆಗೆ, ಪಟ್ಟಿಯ ಹೊರಗಿನದೊಂದು ಕೇಳಿದೆ. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಹೊತ್ತು ಮುಳುಗುತ್ತದಲ್ಲ, ಹೇಗೆ ಮಾಡುತ್ತಿ?

ಆಕೆ ಬಸದಿಯ ಬಾಗಿಲ ಕಡೆ ಒಮ್ಮೆ ನೋಡಿದಳು. ಅದನ್ನು ನಾನು ಗಮನಿಸಿದ್ದೆ.

“ಮಾಂಸ ಮಟನ್ ನಾ ಮುಟ್ಟೂದಿಲ್ಲ, ಅದು ಅವರಿಗೂ ಹೇಳೇನಿ. ಆದ್ರ ಅವರ ಮನ್ಯಾಗ ಎಲ್ಲಾರೂ ಕೂಡಿ ಉಣ್ಣೂದು ಸಂಜಿ ಏಳಕ್ಕ ಒಂದ ಹೊತ್ತು. ನಾ ಅವರ ಜೋಡಿನ ಉಣ್ತೇನಿ ಮಾಮಾ. ನಾಲ್ಕಕ್ಕ ಒಬ್ಬಾಕಿನ ಉಂಡು ಖೋಲಿ ಸೇರಿದ್ರ, ಅಷ್ಟು ದೂರ ಹೋಗಿ ಏನು ಮಾಡಿದಂಗಾತು?”

ಆ ಮುಕ್ಕಾಲು ತಾಸಿನ ಅತ್ಯುತ್ತಮ ಮಾತು ಅದು. ಕೇಳಿದ ಕೂಡಲೇ ನನಗೆ ಗೊತ್ತಾಯಿತು. ಉಳಿದದ್ದೆಲ್ಲ ಯಾವ ಬುದ್ಧಿವಂತ ಹುಡುಗಿಯೂ ಹೇಳಬಹುದಾದದ್ದು, ಇದು ಈಕೆಯೊಬ್ಬಳದೇ. ಆಕೆ ಅದನ್ನು ಮನೆಯವನಿಗೆ ಹೇಳಿದ್ದಳು, ನಮ್ಮ ಮನೆಗಳಲ್ಲಿ ಹೇಳುವ ಹಾಗೆ, ಕೇಳಿ ನುಂಗಿಕೊಳ್ಳಲಿ ಎಂದು. ಕೇಳಿಸಿಕೊಂಡವನು ಕಚೇರಿಯವನು.

ಬರೆಯಲು ಕೂತಾಗ ಬಿಡಬೇಕೇ ಎಂಬ ಯೋಚನೆ ಬಂದದ್ದು ನಿಜ. ಐದು ನಿಮಿಷ ಇತ್ತು. ಬೇರೆಯವರ ಮಗಳಾಗಿದ್ದರೆ ಬಿಡುತ್ತಿದ್ದೆನೇ ಎಂದು ಕೇಳಿಕೊಂಡೆ. ಇಲ್ಲ ಎಂದು ಉತ್ತರ ಬಂತು. ಹಾಗಾದರೆ ಅಕ್ಕನ ಮಗಳು ಎಂಬ ಕಾರಣಕ್ಕೆ ಬಿಡುವುದು ಪಕ್ಷಪಾತ. ತರ್ಕ ಸರಿಯಾಗಿತ್ತು. ಪಂಚಾಂಗದ ಪಕ್ಕದ ಸೂರ್ಯಾಸ್ತದ ಪಟ್ಟಿಯನ್ನು ಎರಡನೇ ಪ್ಯಾರಾದಲ್ಲಿ ಇಟ್ಟೆ, ಆ ಮಾತನ್ನು ಕೊನೆಗೆ ಇಟ್ಟೆ. ಒಂದರ ಎದುರು ಒಂದು ಚೆನ್ನಾಗಿ ಕಾಣುತ್ತಿತ್ತು. ಪುಟ ಕಟ್ಟುವವರು ಆ ಮಾತನ್ನೇ ಎತ್ತಿ ಚಿತ್ರದ ಕೆಳಗೆ ಬಾಕ್ಸ್ ಮಾಡಿದರು. ನಾನು ನೋಡಿ ಸಹಿ ಹಾಕಿ ಬಿಟ್ಟೆ.

ಅಕ್ಷಯ ತೃತೀಯಾಕ್ಕೆ ಮೂರು ದಿನ ಇರುವಾಗ ಪುರವಣಿ ಬಂತು. ಮುಂಜಾನೆ ಎಂಟರೊಳಗೆ ಪೀರನವಾಡಿಯ ನೆಂಟರೊಬ್ಬರು ಆ ಪುಟದ ಫೋಟೊ ತೆಗೆದು, ಬಾಕ್ಸಿನ ಸುತ್ತ ಕೆಂಪು ಗೆರೆ ಎಳೆದು, ಸಮಾಜದ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಕೆಳಗೆ ಕೈಮುಗಿದ ಚಿತ್ರ, ಅಭಿನಂದನೆ ಎಂಬ ಒಂದು ಪದ. ಹತ್ತು ಗಂಟೆಗೆ ಅಕ್ಕ ಫೋನ್ ಮಾಡಿ ಬಾ ಎಂದಳು. ಅದೇ ಹೊತ್ತಿಗೆ ಕಚೇರಿಯ ಫಲಕದಲ್ಲಿ ನನ್ನ ಬರಹವನ್ನು ವಾರದ ಉತ್ತಮ ಬರಹ ಎಂದು ಅಂಟಿಸುತ್ತಿದ್ದರು.

ಮಧ್ಯಾಹ್ನ ಖಾನಾಪುರದ ಮನೆಯಲ್ಲಿ ಎಲ್ಲರೂ ಇದ್ದರು. ಭಾವ ಅಂಗಡಿಯ ಶಟರ್ ಅರ್ಧ ಇಳಿಸಿ ಮೇಲೆ ಬಂದಿದ್ದ. ಹುಡುಗಿಗೆ ಕಾಲೇಜಿನ ರಜೆ. ಅಡುಗೆಮನೆಯ ಬಾಗಿಲಲ್ಲಿ ಅಕ್ಕನ ಹಿಂದೆ ನಿಂತಿದ್ದಳು. ಅಜ್ಜ ಕುರ್ಚಿಯ ಮೇಲೆ ಕೂತಿದ್ದರು, ಪುರವಣಿ ಮಡಚಿ ತೊಡೆಯ ಮೇಲಿತ್ತು. ನೀರು ಬಂತು, ಬೆಲ್ಲ ಬಂತು. ನನ್ನ ತಾಯಿಯ ಮೊಣಕಾಲಿನ ನೋವು ಹೇಗಿದೆ ಎಂದು ವಿಚಾರಿಸಿದರು. ಆಮೇಲೆ ಪುರವಣಿಯ ಮೇಲೆ ಕೈ ಇಟ್ಟರು.

“ಛಲೋ ಬರದೀಯಪಾ. ಶಿಖರ್ಜಿದು ಓದಿ ನನಗ ಎಲ್ಲಾ ನೆನಪಾತು.” ಪುರವಣಿಯ ಮಡಿಕೆ ಸವರಿದರು. “ಪ್ಯಾಪರ್ ಮಂದಿ ಒಂದಕ್ಕ ಎರಡು ಹಚ್ಚತಾರಂತ ನಾ ಬಾಳ ಕೇಳೇನಿ. ಹುಡುಗಿ ಏನರೆ ಒಂದು ಅಂದಿರತಾಳ, ನೀವು ಓದಾಕ ರುಚಿ ಆಗ್ಲೆಂತ ಮ್ಯಾಲ ಏನರೆ ಕೂಡಿಸಿರತೀರಿ. ಹೌದಲ್ಲ?”

ನನಗೆ ಅರ್ಥವಾಗಲಿಲ್ಲ ಎಂದು ಬರೆಯುವುದು ಸುಲಭ. ಅರ್ಥವಾಯಿತು. ಅವರು ಬಾಗಿಲು ತೆರೆದು ಹಿಡಿದಿದ್ದರು. ಹೌದ್ರಿ ಎಂದರೆ ಸಾಕಿತ್ತು. ಅವರು ನನ್ನನ್ನು ನಾಲ್ಕು ಮಾತು ಬೈಯುತ್ತಿದ್ದರು, ಸಮಾಜದವರಿಗೆ ಪತ್ರಿಕೆಯವರ ಬುದ್ಧಿ ಗೊತ್ತಲ್ಲ ಎಂದು ಹೇಳುತ್ತಿದ್ದರು, ಮೂರು ದಿನದ ಮೇಲೆ ಸಹಿ ಆಗುತ್ತಿತ್ತು. ಮೊಮ್ಮಗಳು ಅಲ್ಲಿ ಏಳಕ್ಕೆ ಉಣ್ಣುತ್ತಾಳೆಂಬುದು ಆ ಪಟ್ಟಿ ಅಂಟಿಸಿದ ದಿನವೇ ಅವರಿಗೆ ತಿಳಿದಿರಬೇಕು. ಅವರಿಗೆ ಬೇಕಾಗಿದ್ದದ್ದು ಅದಕ್ಕೆ ಔಷಧಿಯಂಥ ಒಂದು ಹೆಸರು. ಭಾವ ನನ್ನನ್ನೇ ನೋಡುತ್ತಿದ್ದ. ಹುಡುಗಿ ನೆಲ ನೋಡುತ್ತಿದ್ದಳು.

“ಇಲ್ರಿ ಕಾಕಾ,” ಎಂದೆ. “ಆಕಿ ಅಂದಿದ್ದನ್ನ ಬರದೇನ್ರಿ.”

“ನೆನಪು ಮಾಡ್ಕೊಂಡು ನೋಡು ತಮ್ಮಾ. ಬಾಳ ಮಂದೀನ ಮಾತಾಡಸ್ತೀರಿ ನೀವು. ಒಬ್ಬರದು ಒಬ್ಬರಿಗೆ ಆಗಿರತೈತಿ.”

“ರೆಕಾರ್ಡ್ ಐತ್ರಿ,” ಎಂದೆ.

ಇಷ್ಟೇ ನಡೆದದ್ದು. ಅವರು ದನಿ ಏರಿಸಲಿಲ್ಲ. ಪುರವಣಿಯನ್ನು ಇನ್ನೊಂದು ಮಡಿಕೆ ಮಡಚಿ ಕಿಟಕಿಯಲ್ಲಿಟ್ಟರು. ಮೊಮ್ಮಗಳ ಕಡೆ ತಿರುಗದೆ, ಮಗನಿಗೆ ಹೇಳಿದರು: “ಇನ್ನೂ ಸಣ್ಣದೈತಿ. ಮುಂದಿನ ವರ್ಷ ನೋಡೂಣು.” ಮುಂದಿನ ವರ್ಷಕ್ಕೆ ಆ ಸಂಸ್ಥೆಯ ವಯಸ್ಸಿನ ಮಿತಿ ದಾಟುತ್ತದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹುಡುಗಿ ಮುಂದೆ ಬಂದು ನನ್ನ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಅತ್ತಂತೆ ಸದ್ದು ಕೇಳಲಿಲ್ಲ. ಲೋಟ ತೊಳೆಯುವ ಸದ್ದು ಕೇಳಿತು.

ಅಂದು ನಾನು ಸುಳ್ಳು ಹೇಳದಿರುವುದಕ್ಕೆ ವೃತ್ತಿಯ ಶಿಸ್ತು ಕಾರಣ ಎಂದು ಬಹಳ ದಿನ ಹೇಳಿಕೊಂಡೆ. ಲೆಕ್ಕ ಹಾಕಿ ನೋಡಿದರೆ ಆ ವಾದ ನಿಲ್ಲುವುದಿಲ್ಲ. ಈ ಇಪ್ಪತ್ತೆರಡು ವರ್ಷದಲ್ಲಿ, ಶಾಸಕರೊಬ್ಬರು ತಾಯಿ ಅಕ್ಕ ಎತ್ತಿ ಬೈದದ್ದನ್ನು ಖಾರವಾಗಿ ಪ್ರತಿಕ್ರಿಯಿಸಿದರು ಎಂದು ತಿದ್ದಿದ್ದೇನೆ. ಜಾಹೀರಾತು ಕೊಡುವ ಅಂಗಡಿಗೆ ಬೆಂಕಿ ಬಿದ್ದಾಗ, ಅದನ್ನು ಮಾರುಕಟ್ಟೆಯ ಒಂದು ಅಂಗಡಿ ಎಂದು ಬರೆದಿದ್ದೇನೆ. ಆಣೆಕಟ್ಟಿನ ವಿಷಯದಲ್ಲಿ ಮಂತ್ರಿಗಳು ನುಡಿದದ್ದನ್ನು ಅವರ ಆಪ್ತರು ಸಂಜೆ ಫೋನ್ ಮಾಡಿ ಹಿಂದೆ ತೆಗೆದುಕೊಂಡಾಗ, ಒಮ್ಮೆ ಅಂದ ಮೇಲೆ ಬೇಡ ಎಂದರೆ ನಡೆಯುವುದಿಲ್ಲ ಎಂದು ನಾನು ಅನ್ನಲಿಲ್ಲ. ನನ್ನ ಶಿಸ್ತು ಪೂರ್ತಿಯಾಗಿ ನಡೆದದ್ದು ಒಬ್ಬಳ ಮೇಲೆ ಮಾತ್ರ. ಆಕೆ ಯಾರಿಂದಲೂ ಫೋನ್ ಮಾಡಿಸುವಂತಿರಲಿಲ್ಲ.

ಹುಡುಗಿಯ ಜಾಗ ಸಂಸ್ಥೆಯ ಪಟ್ಟಿಯಲ್ಲಿ ಮುಂದಿನವರಿಗೆ ಹೋಯಿತು. ಆಗಸ್ಟಿನಲ್ಲಿ ಆ ವಿದ್ಯಾರ್ಥಿಯ ಚಿತ್ರ, ಮಾಹಿತಿ ನನ್ನ ಮೇಜಿಗೇ ಬಂದವು: ಪಕ್ಕದ ಜಿಲ್ಲೆ, ಹಾರ ಹಾಕಿಕೊಂಡು ನಿಂತ ಫೋಟೊ, ಹಂಗೆರಿಗೆ ಪ್ರಯಾಣ. ವರದಿಗಾರ ಮೂರು ಕಾಲಂ ಕಳಿಸಿದ್ದ. ಒಂದು ಕಾಲಂಗೆ ಇಳಿಸಿ ಚಿತ್ರ ತೆಗೆದೆ. ಅವನು ಕೇಳಿದಾಗ ಜಾಗ ಇರಲಿಲ್ಲ ಎಂದೆ. ಜಾಗ ಇತ್ತು.

ಅದೇ ತಿಂಗಳು ಒಂದು ಸಂಜೆ ಹುಡುಗಿ ನಮ್ಮ ಕಚೇರಿಗೆ ಬಂದಳು. ಅಕ್ಕ ನನ್ನ ತಾಯಿಗೆಂದು ಕಳಿಸಿದ ಗೋಡಂಬಿಯ ಚೀಲ ಕೊಟ್ಟಳು. ರೈಲಿಗೆ ಇನ್ನೂ ಹೊತ್ತಿತ್ತು, ಎದುರಿನ ಕುರ್ಚಿಯಲ್ಲಿ ಕೂತಳು. ಆ ದಿನದಿಂದ ನಾವಿಬ್ಬರೇ ಇದ್ದದ್ದು ಅದೇ ಮೊದಲು. ಕಾಲೇಜಿನ ಬಗ್ಗೆ ಕೇಳಿದೆ, ಹೇಳಿದಳು. ಹಂಗೇರಿಯನ್ ಕಲಿಯುವುದನ್ನು ಬಿಟ್ಟಿದ್ದಳು. ಆ ಮನೆಯ ಹೆಂಗಸು ಆಗೊಮ್ಮೆ ಈಗೊಮ್ಮೆ ಸಂದೇಶ ಕಳಿಸುತ್ತಾಳೆ, ಏನು ಉತ್ತರ ಬರೆಯಬೇಕೆಂದು ತಿಳಿಯುವುದಿಲ್ಲ ಎಂದಳು. ಆಮೇಲೆ, ಬೇರೆ ವಿಷಯ ಮಾತಾಡುವ ದನಿಯಲ್ಲೇ:

“ಅವತ್ತ ನೀ ‘ನಾನ ಕೂಡಿಸೇನ್ರಿ’ ಅಂದಿದ್ರ ಮುಗೀತಿತ್ತು ಮಾಮಾ.”

“ಹಂಗ ಅನ್ನಾಕ ಬರೂದಿಲ್ಲವಾ. ನನ್ನ ಕೆಲಸ...”

“ಯಾರಿಗೆ ಗೊತ್ತಾಗ್ತಿತ್ತು? ಅಜ್ಜ ಎಲ್ಲಿ ಹೋಗಿ ಹೇಳ್ತಿದ್ದ? ನಿನ್ನ ಹೆಸರೇನು ಕೆಡತಿದ್ದಿಲ್ಲ. ಬರೇ ನಿನಗ ಒಂದೀಟು ಸಣ್ಣಂವ ಆದೆ ಅನಸ್ತಿತ್ತು. ಅಷ್ಟ.”

ಸಿಟ್ಟಿನಿಂದ ಹೇಳಲಿಲ್ಲ. ಆಕೆ ಅದನ್ನು ಯೋಚಿಸಿ, ಎರಡೂ ಕಡೆ ನೋಡಿ, ತೀರ್ಮಾನಕ್ಕೆ ಬಂದವಳ ಹಾಗೆ ಹೇಳಿದಳು. ಗಡಿಯಾರ ನೋಡಿ ಎದ್ದಳು, ಅಜ್ಜಿಗ ಕೇಳಿದೆ ಅಂತ ಹೇಳು ಎಂದಳು, ಹೋದಳು.

ಇದೆಲ್ಲ ಆಗಿ ಎರಡು ವರ್ಷವಾಯಿತು. ನಾವು ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಬರುತ್ತಾಳೆ, ಮಾಮಾ ಎಂದು ಕರೆಯುತ್ತಾಳೆ, ನನ್ನ ತಾಯಿಯ ಕಾಲು ಒತ್ತುತ್ತಾಳೆ. ನದಿಗಳ ವಿಷಯ ನನ್ನ ಮುಂದೆ ಎತ್ತುವುದಿಲ್ಲ. ಅಜ್ಜ ಇನ್ನೂ ತಿಂಗಳಿಗೊಮ್ಮೆ ಬಸದಿಗೆ ಬರುತ್ತಾರೆ; ಈಗ ಭಾವ ಕರೆತರುತ್ತಾನೆ. ನನ್ನನ್ನು ಕಂಡರೆ ಮೊದಲಿನಂತೆಯೇ ಕುಶಲ ಕೇಳುತ್ತಾರೆ, ಆದರೆ ನಾನಿರುವಾಗ ಮನೆಯ ಮಾತು ಆಡುವುದಿಲ್ಲ. ಅಕ್ಕನ ಮನೆಯಲ್ಲಿ ನಾನು ಪಡಸಾಲೆಗೆ ಕಾಲಿಟ್ಟಾಗ ನಡೆಯುತ್ತಿದ್ದ ಮಾತು ಮಳೆ, ಬಿಸಿಲು, ರಸ್ತೆಯ ಕಡೆಗೆ ಹೊರಳುವುದನ್ನು ನಾನು ಗುರುತಿಸಬಲ್ಲೆ. ಪತ್ರಿಕಾಗೋಷ್ಠಿಯ ಕೋಣೆಗೆ ತಡವಾಗಿ ಹೋದಾಗ ಹೀಗೆಯೇ ಆಗುತ್ತದೆ.

ಕಳೆದ ವಾರ ಅಕ್ಕ ಫೋನ್ ಮಾಡಿದ್ದಳು. ಅದು ಇದು ಮಾತಾಡಿ ಕೊನೆಗೆ ದನಿ ಇಳಿಸಿದಳು. ಹುಡುಗಿ ಎಲ್ಲಿಯದೋ ಕಾಲೇಜಿಗೆ ಅರ್ಜಿ ಹಾಕಿದ್ದಾಳೆ, ಹೊರದೇಶದ್ದು, ಎಲ್ಲಾ ತಾನೇ ಬರೆದು ಕಳಿಸಿದ್ದಾಳೆ, ಈಗ ಹದಿನೆಂಟು ತುಂಬಿದೆ, ಯಾರ ಸಹಿಯೂ ಬೇಕಾಗಿಲ್ಲ ಎಂದಳು. ಅಜ್ಜನಿಗೆ ಗೊತ್ತೇ ಎಂದು ಕೇಳಿದೆ. ಅವರಿಗೆ ಎಲ್ಲರಿಗಿಂತ ಮೊದಲು ಹೇಳಿದ್ದಾಳೆ ಎಂದಳು.

“ನಿನಗ ಹೇಳಬ್ಯಾಡ ಅಂದಿದ್ಲು. ನನಗ ತಡಕೊಳ್ಳಾಕ ಆಗಲಿಲ್ಲ, ಹೇಳಿದೆ.”

ಯಾವ ದೇಶ ಎಂದು ನಾನು ಕೇಳಲಿಲ್ಲ.